ವಾಣಿಶ್ರೀ ಆರಿಸಿದ ಭಾಷೆ

"ಏನ್ ಕಲಿಯಾಕತ್ತೀರಿ?"

ಚಹಾದ ತಟ್ಟೆ ಹಿಡಿದು ನಿಂತಿದ್ದ ವಾಣಿಶ್ರೀ ತಲೆಯೆತ್ತಿದಳು. ಹೆಣ್ಣು ನೋಡಲು ಬಂದವರು ಅಡುಗೆ ಕೇಳುತ್ತಾರೆ, ಹೊಲಿಗೆ ಕೇಳುತ್ತಾರೆ. ಇದನ್ನು ಯಾರೂ ಕೇಳಿರಲಿಲ್ಲ. ಕೇಳಿದವನು ಗವಿಸಿದ್ದೇಶ, ಗಂಗಾವತಿಯ ಅಕ್ಕಿ ಗಿರಣಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗ.

"ವೆಬ್‌ಸೈಟ್ ಮಾಡೋದ್ರಿ... ಎಚ್‌ಟಿಎಂಎಲ್ ಮುಗದೈತಿ. ಮುಂದ ಪಿಎಚ್‌ಪಿನೋ ಜಾವಾಸ್ಕ್ರಿಪ್ಟೋ, ಒಂದು ಕಂಪ್ಯೂಟರ್ ಭಾಷಾ ಆರಿಸ್ಕೊ ಅಂತ ಕ್ಲಾಸಿನ್ಯಾಗ ಅಂದಾರ. ಯಾವುದಂತ ತಿಳೀವಲ್ದು."

"ಈಗ ಯಾವುದೂ ಬ್ಯಾಡ್ರಿ," ಎಂದ ಅವನು.

ಮುಂದೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವ್ವ ಬಸವಣ್ಣೆಮ್ಮ ಮುಖ ಅರಳಿಸಿ, "ಖರೇ ಐತ್ರಿ, ಮದುವಿ ಆಗೋ ಹುಡುಗಿಗೆ ಅದೆಲ್ಲ ಯಾಕ" ಎಂದು ಮಗಳನ್ನು ಒಳಗೆ ಕಳಿಸಿಯೇಬಿಟ್ಟಳು.

ಹಿರಿಯರು ಸಂಬಂಧಕ್ಕೆ ಒಪ್ಪಿದರು. ಭಾಗ್ಯನಗರದಲ್ಲಿ ನಸೀಮಾಬಿ ನಡೆಸುವ ಕಂಪ್ಯೂಟರ್ ಕ್ಲಾಸಿಗೆ ಹೋಗುವುದು ನಿಂತಿತು. ವಾಣಿಶ್ರೀ ಹಟ ಹಿಡಿದು ಪಡೆದದ್ದು ಅಂತ ಇದ್ದದ್ದು ಅದೊಂದೇ.

ಅವಳಿಗೆ ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಅವ್ವ ಸೀರೆ ತೋರಿಸಿದರೆ ಬಣ್ಣವನ್ನೂ ನೋಡದೆ "ಛಲೋ ಐತಿ" ಅಂದಳು. ಉಪ್ಪಿಲ್ಲದ ಸಾರನ್ನು ಸುಮ್ಮನೆ ಉಂಡೆದ್ದಳು. ಉಪ್ಪು ಹಾಕಿಲ್ಲವೆಂದು ಗೊತ್ತಾದದ್ದು ಅವ್ವ ಉಣ್ಣಲು ಕೂತಾಗಲೇ. ಮನಸ್ಸು ಮರಗಟ್ಟಿದ ಹುಡುಗಿ ಮನೆಯವರಿಗೆ ಯಾವಾಗಲೂ ಸುಧಾರಿಸಿದ ಹುಡುಗಿಯಂತೆಯೇ ಕಾಣುತ್ತಾಳೆ, ನೋಡಿ.

ಒಂದು ಮಧ್ಯಾಹ್ನ ಗವಿಸಿದ್ದೇಶ ಒಬ್ಬನೇ ಬಂದ. ಅವ್ವ ಚಹಾ ಮಾಡಲು ಒಳಗೆ ಹೋದಳು.

"ನಿಮ್ಮನ್ನ ನೋಡಾಕ ಕ್ಲಾಸಿಗೆ ಹೋಗಿದ್ದೆ. ಬರೋದು ಬಿಟ್ಟಾಳ ಅಂದ್ರು ನಸೀಮಾಬಿಯವ್ರು. ಯಾಕ್ರಿ?"

"ನೀವ ಬ್ಯಾಡ ಅಂದ್ರೆಲ್ರಿ."

ಅವನ ಮುಖ ಇಳಿದುಹೋಯಿತು.

"ಕಲೀಬ್ಯಾಡ್ರಿ ಅಂದಿದ್ದಿಲ್ರಿ. ಮೊದ್ಲ ಏನ್ ಮಾಡ್ಬೇಕು ಅನ್ನೋದು ನೋಡ್ರಿ, ಆಮ್ಯಾಲ ಅದಕ್ಕ ತಕ್ಕ ಭಾಷಾ ಆರಿಸ್ರಿ ಅನ್ನೋನಿದ್ದೆ. ಅಷ್ಟರಾಗ ನಿಮ್ಮನ್ನ ಒಳಗ ಕಳಿಸಿದ್ರು... ಆವತ್ತ ತಡದು ಹೇಳ್ಬೇಕಿತ್ತು. ನಂದ ತಪ್ಪು."

ಸಂತೋಷವಾಗಬೇಕಿತ್ತಲ್ಲ... ಅವಳಿಗೆ ಏನೂ ಆಗಲಿಲ್ಲ.

ಅವನು ದನಿ ತಗ್ಗಿಸಿದ. "ಈ ಸಂಬಂಧಾನೂ ಒಲ್ಲದಿದ್ರ ಹೇಳಿಬಿಡ್ರಿ. ನನ್ನಾಗ ಐಬು ಐತಿ ಅಂತ ನಾನ ಹಿರ್ಯಾರ ಮುಂದ ಹೇಳ್ತೀನಿ. ನಿಮ್ಮ ಮ್ಯಾಲ ಮಾತು ಬರಾಕ ಬಿಡೂದಿಲ್ಲ. ನಿಮ್ಗ ಏನ್ ಬೇಕು, ಅಷ್ಟ ಹೇಳ್ರಿ."

ಎದೆಯೊಳಗೆ ಎಲ್ಲೋ ಚುರ್ರೆಂದಿತು. ತನಗಾಗಿ ಇಲ್ಲದ ಐಬು ಹೊತ್ತುಕೊಳ್ಳಲು ಹೊರಟವನನ್ನು ಅವಳು ಆಗ ಸರಿಯಾಗಿ ನೋಡಿದಳು.

"ನಾ ಮಾಡಿದ ವೆಬ್ ಪುಟ ಸುಮ್ನ ಕುಂತಿರ್ತೈತ್ರಿ," ಎಂದಳು ನಿಧಾನಕ್ಕೆ. "ಒತ್ತಿದ್ರೂ ಏನೂ ಅನ್ನೂದಿಲ್ಲ. ಯಾರರ ಮುಟ್ಟಿದ್ರ... ಅದು ತಿರುಗಿ ಮಾತಾಡ್ಬೇಕು."

"ಅದಕ್ಕ ಜಾವಾಸ್ಕ್ರಿಪ್ಟ್ ಕಲೀಬೇಕ್ರಿ."

"ಹಂಗಾರ ಅದನ್ನ ಕಲೀತೀನಿ. ಅವ್ವಗ ನಾನ ಹೇಳ್ತೀನಿ."

ಹೇಳುತ್ತಿದ್ದಂತೆ ಕಣ್ಣು ತುಂಬಿ ಬಂತು. ಇಷ್ಟು ದಿನ ಬಾರದ ಅಳು ಈಗ ಬಂದಿತ್ತು. ಅವನು ಗಾಬರಿಯಾಗಿ ಎದ್ದು ನಿಂತ.

"ಮತ್ತ... ಹಿರ್ಯಾರಿಗೆ ನಾ ಏನಂತ ಹೇಳ್ಲಿ?"

"ಏನೂ ಹೇಳಬ್ಯಾಡ್ರಿ," ಕಣ್ಣೊರೆಸಿಕೊಂಡಳು ವಾಣಿಶ್ರೀ. "ನನಗ ನೀವೂ ಬೇಕು."