ಕೈಯಲ್ಲಿ ದಾರವಿಲ್ಲದೆ

ಊರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದ ಹಾಡಿನ ಹುಡುಗಿ ತಾನೇ ಎಂದು ಅವಳಿಗೆ ಗೊತ್ತಾದದ್ದು, ಯಾರದೋ ಪ್ಯಾಂಟಿನ ಮೊಣಕಾಲಿಗೆ ರಫು ಹಾಕುತ್ತಿದ್ದಾಗ.

ಹರಿದ ಜಾಗದಲ್ಲಿ ಎಳೆಗೆ ಎಳೆ ಕೂಡಿಸಿ ನೇಯ್ದು, ಹರಿದದ್ದೇ ಕಾಣದಂತೆ ಮಾಡುವುದು ಅವಳ ಕೆಲಸ. ಅಂಗಡಿ ಚಿಕ್ಕಮ್ಮನದು. ಹೊಲಿಗೆ ಮಿಷನ್ ಚಿಕ್ಕಮ್ಮನದು, ಸೂಜಿ ಇವಳದು. ಮಾತು ಮಾತ್ರ ಪೂರ್ತಿ ಚಿಕ್ಕಮ್ಮನದೇ. ರಸ್ತೆಯ ಆಚೆ ಬದಿ, ಎದುರು ಕಟ್ಟಡದ ಮಹಡಿಯಲ್ಲಿ ಒಂದು ಬ್ಯಾಂಡಿನವರು ಪ್ರಾಕ್ಟೀಸ್ ಮಾಡುತ್ತಿದ್ದರು. ಅವರ ಎರಡನೇ ಆಲ್ಬಮ್ ಬಂದಾಗಿನಿಂದ ಚಿಕ್ಕಮ್ಮ ಅದನ್ನು ಮೊಬೈಲಿನಲ್ಲಿ ಹಾಕಿ, ಬಂದ ಗಿರಾಕಿಗಳಿಗೆಲ್ಲ ಕೇಳಿಸಿ, ಅಭಿಪ್ರಾಯ ವಸೂಲಿ ಮಾಡದೆ ಬಟ್ಟೆ ಕೊಡುತ್ತಿರಲಿಲ್ಲ.

ಅಭಿಪ್ರಾಯವೋ, ತಲೆಗೊಂದು. ಮೊದಲನೆಯದಕ್ಕಿಂತ ಇದೇ ವಾಸಿ, ಕಿವಿಗೆ ಹಿತವಾಗಿದೆ ಎಂದರು ಬ್ಯಾಂಕಿನ ಮೇಡಂ. ಕಾಲೇಜು ಹುಡುಗಿಯೊಬ್ಬಳು ಮೂಗು ಮುರಿದು, ಮೊದಲ ಆಲ್ಬಮ್ಮಿನಲ್ಲಿ ಕಿಚ್ಚಿತ್ತು, ಇದರಲ್ಲಿ ಬರೀ ಸಕ್ಕರೆ ಎಂದಳು. ಎಲ್ಲ ಹಾಡೂ ಒಂದೇ ಥರ ಇವೆಯಪ್ಪ ಎಂದು ಬೇಸರಪಟ್ಟ ಕೊರಿಯರಿನವನು, ಅದರಲ್ಲೇ ಒಂದನ್ನು ಸಿಳ್ಳೆ ಹಾಕುತ್ತಾ ಮೆಟ್ಟಿಲಿಳಿದ. ಹೆಚ್ಚು ಜಗಳ ನಡೆಯುತ್ತಿದ್ದದ್ದು ‘ಕಾಯುವವಳು’ ಎಂಬ ಹಾಡಿನ ಮೇಲೆ. ಕೇಳಿ ಅತ್ತವರು ಒಂದು ಪಾಲು, ನಕ್ಕವರು ಒಂದು ಪಾಲು.

ಅವಳು ಅದುವರೆಗೆ ಅದನ್ನು ಗಮನವಿಟ್ಟು ಕೇಳಿರಲಿಲ್ಲ. ಅಂದು ಮಿಷನ್ನಿನ ಸದ್ದು ನಿಂತಿದ್ದ ಹೊತ್ತಿನಲ್ಲಿ ಎರಡನೇ ಚರಣ ಸ್ಪಷ್ಟವಾಗಿ ಕಿವಿಗೆ ಬಿತ್ತು. ಹಸಿರು ಚೌಕಟ್ಟಿನ ಕಿಟಕಿ. ಬೆಳಕಿಗೆ ಎತ್ತಿದ, ಕಾದು ಸೋತ ಎಡಗೈ. ಬರಬೇಕಾದವನು ಬಾರದೆ ಹೋದ ಮೇಲೂ ಬಂದು ನಿಲ್ಲುವ ಹುಡುಗಿ.

ಸೂಜಿ ಬೆರಳಿಗೆ ಚುಚ್ಚಿತು. ಅಂಗಡಿಯ ಕಿಟಕಿ ಹಸಿರು. ಅವಳು ಎಡಚಿ.

“ಅಯ್ಯೋ, ಇದು ನೀನೇ ಕಣೇ!” ಎಂದಳು ಚಿಕ್ಕಮ್ಮ. ಹಾಗೆಂದವಳು ನಗುವುದೋ ಬೈಯುವುದೋ ತಿಳಿಯದೆ ಸುಮ್ಮನಾದಳು. ಚಿಕ್ಕಮ್ಮ ಸುಮ್ಮನಾಗುವುದೆಂದರೆ ಸಣ್ಣ ವಿಷಯವಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಅವಳು ಜೀವನದಲ್ಲಿ ಯಾರಿಗೂ ಕಾದವಳಲ್ಲ. ಕಿಟಕಿಗೆ ಬರುತ್ತಿದ್ದದ್ದು ದಾರದ ಬಣ್ಣ ನೋಡಲು. ಟ್ಯೂಬ್‌ಲೈಟಿನ ಕೆಳಗೆ ಕಪ್ಪೂ ಒಂದೇ, ಕಡು ನೀಲಿಯೂ ಒಂದೇ. ಹಗಲ ಬೆಳಕಿಗೆ ಹಿಡಿದಾಗಲೇ ನಿಜ ತಿಳಿಯುವುದು. ದಿನಕ್ಕೆ ಅದೆಷ್ಟೋ ಸಲ ಎಳೆಯೊಂದನ್ನು ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಎದುರು ಮಹಡಿಯಿಂದ ಹುಡುಗಿ ಕಾಣುತ್ತಾಳೆ, ದಾರ ಕಾಣುವುದಿಲ್ಲ.

ಅದನ್ನು ಬರೆದವನು ಗಿಟಾರಿನವನು. ಬ್ಯಾಂಡಿನ ಹಾಡುಗಳನ್ನೆಲ್ಲ ಬರೆದು ಹಾಡುವವನೂ ಅವನೇ. ಹಿಂದೊಮ್ಮೆ ಗಿಟಾರ್ ಚೀಲದ ಪಟ್ಟಿ ಹೊಲಿಸಲು ಬಂದಿದ್ದ. ಹೊಲಿಗೆ ಮುಗಿಯುವ ತನಕ ಗೋಡೆಯ ದಾರದ ಉಂಡೆಗಳನ್ನೇ ನೋಡುತ್ತಾ ನಿಂತಿದ್ದು, ಹೊರಡುವಾಗ ಇವಳನ್ನು ಒಂದು ಸಲ ನೋಡಿ, ಸಿಕ್ಕಿಬಿದ್ದವನ ಹಾಗೆ ನಾಲಿಗೆ ಕಚ್ಚಿಕೊಂಡಿದ್ದ. ಆ ನೋಟವನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದದ್ದುಂಟು. ಸಿಟ್ಟಿನ ಒಂದು ಎಳೆ ಅಲ್ಲೇ ಸಿಕ್ಕಿಕೊಂಡಿತ್ತು. ತನ್ನನ್ನು ಅಷ್ಟು ನೋಡಿದವನು ತನ್ನನ್ನೇ ನೋಡಲಿಲ್ಲವಲ್ಲ.

ಆ ವಾರ ಅವನೇ ಬಂದ. ತೋಳು ಹರಿದ ಕಡು ನೀಲಿ ಕೋಟೊಂದನ್ನು ಮೇಜಿನ ಮೇಲಿಟ್ಟು, ಶನಿವಾರ ಸಂಜೆ ಶೋ ಇದೆ, ಅಷ್ಟರಲ್ಲಿ ಆಗುತ್ತದೆಯೇ ಎಂದು ಕೇಳಿದ. ಮುಖ ಸಪ್ಪಗಿತ್ತು. ಚಿಕ್ಕಮ್ಮ ಬಿಡುತ್ತಾಳೆಯೇ, ಆಲ್ಬಮ್ಮಿನ ಸುದ್ದಿ ತೆಗೆದಳು. ಆಗ ಎಲ್ಲ ಹೊರಗೆ ಬಂತು. ಕೇಳುಗರು ಎರಡು ಪಾಲಾಗಿದ್ದಾರೆ, ಬ್ಯಾಂಡೂ ಎರಡು ಪಾಲಾಗಿದೆ. ಹಳೆಯ ದಾರಿಗೇ ಹೋಗೋಣ, ‘ಕಾಯುವವಳು’ ಹಾಡನ್ನು ಶೋನಿಂದ ತೆಗೆ ಎಂದು ಡ್ರಮ್ಮಿನವನು ಹಟ ಹಿಡಿದಿದ್ದಾನೆ. ಶನಿವಾರವೂ ಜನ ನಕ್ಕರೆ ಬ್ಯಾಂಡ್ ಒಡೆಯುತ್ತದೆ, ಎದುರಿನ ರೂಮನ್ನೂ ಬಿಡಬೇಕಾಗುತ್ತದೆ.

ರೂಮ್ ಬಿಡುವ ಮಾತು ಕೇಳಿ ಅವಳ ಸೂಜಿ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿತು. ಯಾಕೆಂದು ಕೇಳಿಕೊಳ್ಳುವಷ್ಟು ಪುರುಸೊತ್ತು ಅವಳು ತನಗೇ ಕೊಟ್ಟುಕೊಳ್ಳಲಿಲ್ಲ.

“ನಿಮಗೆ ಹೇಗನಿಸ್ತು, ಆ ಹಾಡು?” ಎಂದ, ಕೋಟಿನ ಗುಂಡಿಯನ್ನು ತಿರುವುತ್ತಾ.

ಮಿಷನ್ ನಿಂತಿತು. ಚಿಕ್ಕಮ್ಮನ ಕಿವಿ ನೆಟ್ಟಗಾಯಿತು.

ಅವಳು ಡ್ರಾಯರಿನಿಂದ ಎರಡು ಎಳೆ ತೆಗೆದು ಅವನ ಕಣ್ಣ ಮುಂದೆ ಹಿಡಿದಳು. ಯಾವುದು ನೀಲಿ ಎಂದು ಕೇಳಿದಳು. ಎರಡೂ ಒಂದೇ ಅಲ್ಲವೇ ಎಂದ ಅವನು. ಬನ್ನಿ ಎಂದು ಕಿಟಕಿಯ ಬಳಿ ಕರೆದು, ಎಡಗೈ ಎತ್ತಿದಳು.

ಬೆಳಕಿನಲ್ಲಿ ಒಂದು ಎಳೆ ಕಪ್ಪಾಗಿಯೇ ಉಳಿಯಿತು, ಇನ್ನೊಂದು ನೀಲಿಯಾಯಿತು. ಅವನ ಭುಜ ಅವಳ ಭುಜಕ್ಕೆ ತಾಗಿಯೂ ತಾಗದಂತೆ ಇತ್ತು. ಅವನು ದಾರ ನೋಡಿದ, ಎತ್ತಿದ ಕೈ ನೋಡಿದ, ಎದುರಿನ ತನ್ನದೇ ಕಿಟಕಿ ನೋಡಿದ. ಅರ್ಥವಾಗುತ್ತಾ ಹೋದಂತೆ ಕಿವಿಯ ತುದಿ ಕೆಂಪಾಗುತ್ತಾ ಹೋಯಿತು.

“ಹಾಗಾದ್ರೆ ನೀವು ಯಾರಿಗೂ...”

“ಇಲ್ಲ. ಯಾರಿಗೂ ಕಾಯ್ತಿರ್ಲಿಲ್ಲ. ಊರವರೆಲ್ಲ ನನ್ನ ಹೆಸರಲ್ಲಿ ಅಳ್ತಿದಾರೆ. ನಾನು ಇಲ್ಲಿ ಕೆಲಸ ಮಾಡ್ತಿದ್ದೆ.”

ಸಾವಿರ ಜನ ಏನೇನೋ ಬರೆದರೂ ಆ ಹಾಡು ಸುಳ್ಳು ಎಂದು ಯಾರೂ ಹೇಳಿರಲಿಲ್ಲ, ನೀವು ಹೇಳಿದಿರಿ, ತಪ್ಪಾಯಿತು, ತೆಗೆದುಬಿಡುತ್ತೇನೆ ಎಂದಷ್ಟೇ ಹೇಳಿ ಅವನು ಹೊರಟುಹೋದ. ಅವನ ಧ್ವನಿಯಲ್ಲಿ ಮುನಿಸಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

“ನಿಜ ಹೇಳಿದ್ದು ಸರಿ,” ಎಂದಳು ಚಿಕ್ಕಮ್ಮ. “ಆದ್ರೂ ಮುಖ ನೋಡೋ ಹಾಗಿರ್ಲಿಲ್ಲ ಕಣೇ, ಪಾಪ.”

ಕೋಟಿನ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಂಡು ಅವಳು ರಫು ಹಾಕಿದಳು. ಬಟ್ಟೆಯದೇ ಎಳೆ ಸಿಕ್ಕಿದ್ದರಿಂದ ಕಿಟಕಿಗೆ ಹೋಗುವ ಕೆಲಸವೇ ಇರಲಿಲ್ಲ. ಆದರೂ ಹೋದಳು. ಎದುರು ಮಹಡಿಯಲ್ಲಿ ಹಳೆಯ ಹಾಡುಗಳು ಕೇಳುತ್ತಿದ್ದವು. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ, ಆ ಹಾಡು ಬಂದೀತೇನೋ ಎಂದು ಕಿವಿಗೊಟ್ಟು ನಿಂತಳು. ಬರಲಿಲ್ಲ. ಮರುದಿನವೂ ಹಾಗೇ ನಿಂತಳು. ಅಯ್ಯೋ ದೇವರೇ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಇದೇ ಇರಬೇಕು ಎಂದು ಅವಳಿಗೆ ಹೊಳೆದಾಗ, ತನ್ನ ಮೇಲೇ ನಗು ಬಂತು.

ಶನಿವಾರ ಅವನು ಕೋಟು ಒಯ್ಯಲು ಬಂದ. ತೋಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹರಿದದ್ದು ಎಲ್ಲಿ ಎಂದು ಕೇಳಿದ. ಅವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಿರಲಿಲ್ಲ. ಆದರೆ ಇಂದು ಹೇಳಬೇಕಾದದ್ದು ಬೇರೆ ಇತ್ತು. ಹಾಡು ಉಳಿದು ಜನ ನಕ್ಕರೆ ನಾಳೆ ಎದುರಿನ ಕಿಟಕಿ ಖಾಲಿ, ಆದರೂ ಹೇಳಲೇಬೇಕಿತ್ತು.

“ಆ ಹಾಡು ತೆಗೀಬೇಡಿ.”

“ಸುಳ್ಳು ಅಂದ್ರಲ್ಲ?”

“ಆಗ ಸುಳ್ಳೇ ಆಗಿತ್ತು.” ಅವಳು ಕತ್ತರಿಯನ್ನು ಎತ್ತಿ, ಎಲ್ಲಿ ಇಡಬೇಕೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟಳು. “ಈ ವಾರ ಎಷ್ಟೋ ಸಲ ಕಿಟಕಿಗೆ ಬಂದೆ. ಕೈಯಲ್ಲಿ ದಾರ ಇರ್ಲಿಲ್ಲ.”

ಅವನು ಅವಳನ್ನೇ ನೋಡಿದ. ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ.

“ನೋಡಿದೆ,” ಎಂದ ಮೆಲ್ಲಗೆ. “ದಾರ ಇದೆ, ಅಷ್ಟು ದೂರದಿಂದ ನಂಗೆ ಕಾಣಿಸ್ತಿಲ್ಲ ಅಂದ್ಕೊಂಡೆ. ಒಂದು ಸಲ ತಪ್ಪು ತಿಳ್ಕೊಂಡವನು ಮತ್ತೆ ಹೇಗೆ ಧೈರ್ಯ ಮಾಡ್ಲಿ? ಆದ್ರೆ ಹಾಡು ಬರೆಯೋಕೆ ಮುಂಚಿನಿಂದಾನೂ ಆ ಕಿಟಕಿಗೆ ಕಾಯ್ತಿದ್ದವನು ನಾನೇ. ನನ್ನ ಕಾಯೋದನ್ನ ನಿಮ್ಮ ತಲೆಗೆ ಕಟ್ಟಿಬಿಟ್ಟೆ.”

ಅವಳ ಕೆನ್ನೆ ಬಿಸಿಯಾಯಿತು. ಬೇಕೆಂದೇ ಬಿಗುವಿನ ಮುಖ ಮಾಡಿ, ಎರಡನೇ ಚರಣದಲ್ಲಿ ‘ಸೋತ ಕೈ’ ಎಂದಿದೆಯಲ್ಲ, ಅದೊಂದನ್ನು ಬದಲಾಯಿಸಿ, ನನ್ನ ಕೈ ಸೋತಿಲ್ಲ ಎಂದಳು. ಕೋಟಿನ ತೋಳನ್ನು ಇನ್ನೊಮ್ಮೆ ನೋಡಿ, ಅದಂತೂ ಗೊತ್ತಾಯಿತು ಎಂದ ಅವನು. ಚಿಕ್ಕಮ್ಮ ಖಾಲಿ ಮಿಷನ್ನನ್ನು ಜೋರಾಗಿ ತುಳಿಯತೊಡಗಿದಳು.

ಸಂಜೆಯ ಶೋನಲ್ಲಿ ಅವಳು ಹಿಂದಿನ ಸಾಲಿನಲ್ಲಿ ಚಿಕ್ಕಮ್ಮನ ಪಕ್ಕ ಕೂತಿದ್ದಳು. ಡ್ರಮ್ಮಿನವನು ಮುಖ ಊದಿಸಿಕೊಂಡೇ ಕೋಲು ಕೈಗೆತ್ತಿಕೊಂಡ. ಚರಣ ಬದಲಾಗಿತ್ತು. ‘ಕೈಯಲ್ಲಿ ದಾರವಿಲ್ಲದೆ ಬಂದವಳೇ, ಇಂದು ಯಾರನ್ನು ಹುಡುಕಿದೆ?’ ಎಂದು ಗಿಟಾರಿನವನು ಹಾಡಿದಾಗ ಸಭೆ ಗಪ್‌ಚುಪ್ಪಾಯಿತು. ಯಾರೂ ನಗಲಿಲ್ಲ. ಮುಗಿದ ಮೇಲೆ ಅರ್ಧ ಜನ ಎದ್ದು ಚಪ್ಪಾಳೆ ತಟ್ಟಿದರು, ಉಳಿದರ್ಧ ಹಳೆಯ ಹಾಡು ಬೇಕೆಂದು ಕೂಗಿದರು. ಡ್ರಮ್ಮಿನವನು ಕೋಲು ಕೆಳಗಿಟ್ಟು, ಮುಂದಿನ ಪ್ರಾಕ್ಟೀಸ್ ಯಾವಾಗ ಎಂದು ಕೇಳಿದನಂತೆ.

ಮರುದಿನ ಅಂಗಡಿಯಲ್ಲಿ ಚಿಕ್ಕಮ್ಮ ಹೊಸ ಸಾಲಿನ ಬಗ್ಗೆ ಮೊಬೈಲಿನಲ್ಲಿ ಬಂದ ಕಮೆಂಟುಗಳನ್ನು ಗಟ್ಟಿಯಾಗಿ ಓದಿದಳು. ದಾರವೆಂದರೆ ಬದುಕು ಎಂದು ಒಬ್ಬರು, ಅಲ್ಲ, ಅದು ಕಡಿದುಹೋದ ಸಂಬಂಧ ಎಂದು ಇನ್ನೊಬ್ಬರು, ಅರ್ಥವಿಲ್ಲದ ಸಾಲು, ಎರಡನೇ ಆಲ್ಬಮ್ ಹಾಳಾಗಿದ್ದೇ ಇಂಥವುಗಳಿಂದ ಎಂದು ಮತ್ತೊಬ್ಬರು. ಅವಳು ನಕ್ಕು ನಕ್ಕು ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿಟ್ಟು ಎದ್ದಳು.

ಕಿಟಕಿಯ ಬಳಿ ಬಂದು, ಖಾಲಿ ಎಡಗೈಯನ್ನು ಬೆಳಕಿಗೆ ಎತ್ತಿದಳು. ಎದುರು ಮಹಡಿಯಲ್ಲಿ ಅವನು ಆಗಲೇ ನಿಂತಿದ್ದ.