ಎರಡನೇ ಬದಿಯ ಕೊನೆಯ ಹಾಡು

"ನಮ್ಮಪ್ಪನ್ನ ಕತ್ತರಿಸಿ ನೆಲಕ್ಕೆ ಹಾಕಿದ್ಯಲ್ಲ ಪಿಯರ್ಸ್... ಕೈ ನಡುಗ್ಲಿಲ್ವಾ ನಿಂಗೆ?"

ಲಂಡನ್ನಿನ ಒಂದು ನೆಲಮಾಳಿಗೆ ಸ್ಟುಡಿಯೋದ ಬಾಗಿಲಲ್ಲಿ ಗ್ಲೆನಿಸ್ ನಿಂತಿದ್ದಳು. ಬ್ಯಾಂಡಿನ ಗಿಟಾರ್ ವಾದಕ ಪಿಯರ್ಸ್‌ನ ಕೈಯಲ್ಲಿ ಬ್ಲೇಡು. ಕಾಲ ಬಳಿ ಹಾಡು ಮುದ್ರಿಸಿದ್ದ ಕಂದು ಟೇಪಿನ ತುಂಡುಗಳ ರಾಶಿ.

ವೇಲ್ಸ್‌ನ ಗಣಿ ಸ್ಫೋಟದಲ್ಲಿ ಸುಟ್ಟುಹೋದವರ ಕಥೆಯೇ ಅವರ ಬ್ಯಾಂಡಿನ ಇಡೀ ಆಲ್ಬಮ್. ಸತ್ತವರಲ್ಲಿ ಅವಳ ಅಪ್ಪನೂ ಒಬ್ಬ. ಕೊನೆಯ ಹಾಡು ಅವನ ಕುರಿತದ್ದು, ಹಾಡಿದವಳು ಅವಳು.

ಆದರೆ ರೆಕಾರ್ಡಿನ ಒಂದು ಬದಿಗೆ ಇಷ್ಟೇ ಎಂಬ ಮಿತಿಯಿದೆಯಲ್ಲ! ಎರಡನೇ ಬದಿ ಆ ಮಿತಿ ಮೀರಿತ್ತು, ಏನನ್ನಾದರೂ ಕತ್ತರಿಸಲೇಬೇಕಿತ್ತು. ನಿನ್ನೆ ಪಿಯರ್ಸ್ ಅವಳ ಮುಖವನ್ನೂ ನೋಡದೆ, "ಕತ್ತರಿಸೋದು ನಂಗೆ ಬಿಡಿ" ಎಂದಿದ್ದ. ನೆಲದ ಮೇಲೆ ಬಿದ್ದಿರುವುದು ಅಪ್ಪನ ಹಾಡೇ ಎಂದುಕೊಂಡವಳಿಗೆ ಸಿಟ್ಟು ನೆತ್ತಿಗೇರದೆ ಇರುತ್ತದೆಯೇ?

"ಗ್ಲೆನಿಸ್, ಸ್ವಲ್ಪ ಕೇಳು..."

ಅವಳು ಕೇಳಲಿಲ್ಲ. ಅವನ ಗಿಟಾರನ್ನೇ ಎತ್ತಿ ಗೋಡೆಗೆ ಬಡಿದಳು. ತಡೆಯಲು ಬಂದವನ ಹಣೆಗೆ ಎರಡನೇ ಏಟು ಬಿತ್ತು. ರಕ್ತ ಕಣ್ಣಿಗಿಳಿಯಿತು. ಮಣಿಕಟ್ಟು ಹಿಡಿದವನ ಕೈಯನ್ನು ಹಲ್ಲೂರಿ ಕಚ್ಚಿದಳು. ಅವನು ತಿರುಗಿ ಕೈ ಎತ್ತಲಿಲ್ಲ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

'ಇವನನ್ನು ಪ್ರೀತಿಸಿದೆನಲ್ಲ... ಎಂಥ ಮೂರ್ಖಳು ನಾನು!'

ಡ್ರಮ್ಮರ್ ಬರ್ನಾರ್ಡ್ ಅವಳ ಸೊಂಟ ಹಿಡಿದು ಎಳೆದ. "ಲೇ ಹುಚ್ಚಿ, ಅವನನ್ನ ಕೊಲ್ಲೋಕ್ ಮುಂಚೆ ಒಂದ್ಸಲ ಕೇಳು" ಎಂದು ಟೇಪ್ ಹಾಕಿದ.

ಟೇಪಿನಲ್ಲಿ ಗಣಿ ಸಿಡಿಯಿತು. ಚೀರಾಟ, ಕುಸಿಯುವ ಕಲ್ಲು... ಅದರ ಬೆನ್ನಿಗೇ ಅವಳ ದನಿ. ಒಂದು ಸಾಲೂ ಬಿಟ್ಟಿರಲಿಲ್ಲ. ನಡುವೆ ಇರಬೇಕಿದ್ದ ಗಿಟಾರ್ ಭಾಗ ಮಾತ್ರ ಇರಲಿಲ್ಲ. ಇಡೀ ಚಳಿಗಾಲ ಬೆರಳು ಒಡೆಯುವಂತೆ ನುಡಿಸಿ ಕಟ್ಟಿದ್ದನ್ನು ಪಿಯರ್ಸ್ ತಾನೇ ಕೊಯ್ದು ಹಾಕಿದ್ದ.

ಗ್ಲೆನಿಸ್ ಅವನ ಪಕ್ಕ ಕುಳಿತು, ಸ್ಕಾರ್ಫ್ ಬಿಚ್ಚಿ ಹಣೆಗೆ ಒತ್ತಿದಳು. ಅಳು ತಡೆಯಲಾಗಲಿಲ್ಲ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ 'ನನ್ನ ಹಾಡೇ ತೆಗೀರಿ' ಅಂತ ನೀನು ಹಠ ಹಿಡೀತಿದ್ದೆ. ಗೊತ್ತಿಲ್ವಾ ನಿನ್ನ ಬುದ್ಧಿ?"

"ಮತ್ತೆ ನಿನ್ನ ಶ್ರಮ?"

"ಗಿಟಾರ್ ಇನ್ನೊಂದು ರೆಕಾರ್ಡಲ್ಲಿ ನುಡಿಸ್ತೀನಿ. ನಿಮ್ಮಪ್ಪಂಗೆ ಇದೊಂದೇ ಅಲ್ವಾ ಇರೋದು?" ಅವನು ಉಸಿರೆಳೆದುಕೊಂಡ. "ನೀನಂದ್ರೆ ನಂಗೆ ಪ್ರಾಣ, ಗ್ಲೆನಿಸ್."

"ಇನ್ನೊಂದ್ಸಲ ನನ್ನ ಕೇಳದೆ ಹೀಗೆ ಮಾಡಿದ್ರೆ ನಿಜವಾಗ್ಲೂ ಕೊಂದ್ಬಿಡ್ತೀನಿ."

"ಸರಿ. ಈಗ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀಯಾ?"

"ಕರ್ಕೊಂಡ್ ಹೋಗ್ತೀನಿ. ವಾಪಸ್ ನಮ್ಮನೆಗೇ ಕರ್ಕೊಂಡ್ ಬರ್ತೀನಿ" ಎಂದು ತಾನು ಕಚ್ಚಿದ ಅವನ ಕೈಗೆ ಮುತ್ತಿಟ್ಟಳು.