ಕೆಂಪು ಚಿಪ್ಪಿನ ಕಾವು

"ಹೆಸರು ಮುಚ್ಚಿಬಿಟ್ರೆ ನಿಮ್ಮ ಭಕ್ತಿಗೆ ಕಣ್ಣೇ ಕಾಣಲ್ವಾ?"

ಜಂದಿರಾ ಗರಕ್ಕನೆ ತಿರುಗಿದಳು. ಯಾರಿವನು!

ಸಾವೊ ಪಾಲೊದಲ್ಲಿ ಕಂಪ್ಯೂಟರ್ ಅಂಗಡಿಗಳೇ ತುಂಬಿದ ಸಾಂತಾ ಇಫಿಜೇನಿಯಾ ಬೀದಿ. ಶನಿವಾರದ ಮುಸುಕಿನ ಪರೀಕ್ಷೆ. ಎರಡು ಕಂಪ್ಯೂಟರುಗಳ ಹೆಸರಿನ ಮೇಲೆಲ್ಲ ಕಪ್ಪು ಟೇಪು. ಆಟ ಆಡಿ ನೋಡಿ, ಯಾವುದು ಚುರುಕು ಅಂತ ಹೇಳಬೇಕು. ಕಂಪ್ಯೂಟರ್ ಚಿಪ್ಪು ತಯಾರಿಸುವ ರೂಬ್ರಾ ಕಂಪನಿಯ ಕೆಂಪು ಅಂಗಿ ತೊಟ್ಟು, "ನನ್ನ ರೂಬ್ರಾನ ನಿದ್ದೇಲೂ ಗುರುತು ಹಿಡೀತೀನಿ" ಎಂದು ತನ್ನ ಚಾನೆಲ್‌ನ ನೋಡುಗರ ಮುಂದೆ ಕೊಚ್ಚಿಕೊಂಡ ಜಂದಿರಾ ಬೆರಳಿಟ್ಟದ್ದು... ಎದುರಾಳಿ ಕಂಪನಿ, ನೀಲಿ ಬಣ್ಣದ ಸೆಲೆಸ್ತಾದ ಮೇಲೆ!

ಟೇಪು ಕಿತ್ತ ಯುವಕ ನಗು ತಡೆಯಲಾರದೆ ಕೆಮ್ಮುತ್ತಿದ್ದ. ಹೆಸರು ಇವಾಂಡ್ರೊ. ಅವನದೂ ಒಂದು ವಿಮರ್ಶೆಯ ಚಾನೆಲ್ಲು.

"ನಗ್ಬೇಡಿ! ನಿಮ್ಮದ್ಯಾವ ಪಕ್ಷ? ಕೆಂಪೋ, ನೀಲಿಯೋ?"

"ನಂದು ಥರ್ಮಾಮೀಟರ್ ಪಕ್ಷ. ಬಿಸಿ ಆದ್ರೆ ಬಿಸಿ ಅಂತೀನಿ."

"ಈಗ ನಾನು ಬಿಸಿ ಆಗಿದ್ದೀನಿ!"

"ಕಾಣ್ತಿದೆ. ಕೆನ್ನೇನೂ ರೂಬ್ರಾ ಬಣ್ಣ."

ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು.

ಆಮೇಲೆ ಶನಿವಾರಗಳೆಲ್ಲ ಅವರಿಬ್ಬರವೇ ಆದವು. ದೋನಾ ಜುಲ್ಮಿರಾಳ ಕಾಫಿ ಅಂಗಡಿ, ಬಿಸಿ ಚೀಸ್ ಬನ್ನು, ಮುಗಿಯದ ಜಗಳ. ಯಾರಿಗೂ ಹೇಳದ್ದನ್ನು ಜಂದಿರಾ ಅವನಿಗೆ ಹೇಳಿದ್ದಳು. ಅಪ್ಪ ಜೋಡಿಸಿಕೊಟ್ಟ ಅವಳ ಮೊದಲ ಕಂಪ್ಯೂಟರಿನಲ್ಲಿ ಇದ್ದದ್ದು ರೂಬ್ರಾ ಚಿಪ್ಪು. ಅಪ್ಪ ಹೋದ. ರೂಬ್ರಾ ಉಳಿಯಿತು.

ಇವಾಂಡ್ರೊ ಆಗ ತಮಾಷೆ ಮಾಡಿರಲಿಲ್ಲ. ಸುಮ್ಮನೆ ಅವಳ ಕೈ ಹಿಡಿದಿದ್ದ.

ಅಷ್ಟರಲ್ಲಿ ರೂಬ್ರಾದ ಹೊಸ ಚಿಪ್ಪು ಬಂತು... ಅವರ ನಡುವೆಯೇ ಬಂತು!

ಜಂದಿರಾಳಿಗೆ ಕಂಪನಿಯೇ ಚಿಪ್ಪು ಕಳಿಸಿತ್ತು. ಇವಾಂಡ್ರೊ ಅಂಗಡಿಯಲ್ಲಿ ಕೊಂಡಿದ್ದ. ಅವಳದು ತಣ್ಣಗಿತ್ತು. ಅವನದು ಕಾದು, ಕಾದು, ನಿಧಾನವಾಯಿತು. ಇಬ್ಬರೂ ಕಂಡದ್ದನ್ನೇ ಹೇಳಿದರು. ಅಲ್ಲಿಗೇ ನಿಲ್ಲಿಸಿದ್ದರೆ!

"ಇವಾಂಡ್ರೊ ಮೇಷ್ಟ್ರು ಪ್ಲಾಸ್ಟಿಕ್ ತೆಗೆಯೋದು ಮರೆತಿರ್ಬೇಕು," ಎಂದಳು ಜಂದಿರಾ ಲೈವ್‌ನಲ್ಲಿ. "ಇಲ್ಲಾಂದ್ರೆ ಸೆಲೆಸ್ತಾದವರು ಕುಡಿಸಿದ ಕಾಫಿ ಜಾಸ್ತಿ ಆಗಿರ್ಬೇಕು!"

ಚಿಪ್ಪಿನ ಮೇಲೆ ಕೂರಿಸುವ ಕೂಲರಿನ ತಳಕ್ಕೆ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಕೀಳದೆ ಕೂರಿಸಿದರೆ ಚಿಪ್ಪು ಬೆಂದುಹೋಗುತ್ತದೆ. ಎಳಸುಗಳು ಮಾಡುವ ತಪ್ಪು. ಆ ಬೀದಿಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿಲ್ಲ. ಮರುದಿನದಿಂದಲೇ ಕೆಂಪಂಗಿಯವರು ಇವಾಂಡ್ರೊನನ್ನು ಕಂಡಲ್ಲೆಲ್ಲ ಮೂಗಿನಲ್ಲಿ ರಾಗ ಎಳೆದರು: "ಪ್ಲಾಸ್ಟೀ...ಕ್ ತೆಗೆದ್ಯಾ ಗುರೂ?" ಕಬ್ಬಿನ ಹಾಲು ಮಾರುವವನೂ ಬಿಡಲಿಲ್ಲ.

ಇವಾಂಡ್ರೊ ಒಮ್ಮೆ ಮಾತ್ರ ಫೋನ್ ಮಾಡಿದ.

"ನಾನು ಅಳೆದಿದ್ದು ತಪ್ಪು ಅನ್ಸಿದ್ರೆ ಬಂದು ನನ್ನೆದುರೇ ಅಳೀಬಹುದಿತ್ತಲ್ಲ, ಜಂದಿರಾ. ಮಾರಿಕೊಂಡವನು ಅಂದ್ಬಿಟ್ಯಲ್ಲೇ..."

ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟ. ಶನಿವಾರಗಳಂದು ಬರುವುದನ್ನೂ ಬಿಟ್ಟ.

ಚಿಪ್ಪೂ ಕಾಯುತ್ತದೆ, ಪ್ರೀತಿಸಿದವಳೂ ಕಾಯುತ್ತಾಳೆ. ಚಿಪ್ಪಿಗಾದರೆ ತಂಪು ಮಾಡಲು ಒಂದು ಫ್ಯಾನು ಸಾಕು. ಜಂದಿರಾಳಿಗೆ ಲಕ್ಷಾಂತರ ಫ್ಯಾನುಗಳಿದ್ದರು... ಒಬ್ಬರಿಂದಲೂ ಎದೆ ತಂಪಾಗಲಿಲ್ಲ.

ಅಭ್ಯಾಸಬಲದಿಂದ ಎರಡು ಕಾಫಿ ಹೇಳುವಳು. ಒಂದು ಆರುವುದನ್ನು ನೋಡುತ್ತ ಕೂರುವಳು. ಯಾರೋ ಕೆಮ್ಮಿದರೆ ಕತ್ತು ತಾನಾಗಿ ತಿರುಗುವುದು. ಅವನಲ್ಲ. ಮತ್ತೆ ಅವನಲ್ಲ...

"ಆ ಕಪ್ಪನ್ನ ನಾನೇ ಕುಡೀಲಾ ಮಗಳೇ?" ಎನ್ನುವಳು ದೋನಾ ಜುಲ್ಮಿರಾ.

"ಬೇಡಮ್ಮ. ಇರ್ಲಿ."

ಒಂದು ದಿನ ಚಾನೆಲ್‌ಗೆ ಸಂದೇಶ ಬಂತು. 'ಅಕ್ಕಾ, ನಿನ್ನ ಮಾತು ಕೇಳಿ ಹೊಸ ರೂಬ್ರಾ ತಗೊಂಡೆ. ಬೇಯ್ತಿದೆ.' ಮತ್ತೊಂದು ಬಂತು. ಮಗದೊಂದು...

ಎಲ್ಲರೂ ಪ್ಲಾಸ್ಟಿಕ್ ಮರೆತರಾ? ಅಥವಾ... ನನಗೆ ಬಂದದ್ದೇ ಬೇರೆ ಥರದ್ದಾ?

ಕೋಣೆಯ ಬಾಗಿಲು ಹಾಕಿಕೊಂಡು ಅಳೆದು ನೋಡಬಹುದಿತ್ತು. ಆದರೆ ಇವಾಂಡ್ರೊನ ಮಾನ ಹೋದದ್ದು ಬೀದಿಯಲ್ಲಿ! ಅವಳು ಇವಾಂಡ್ರೊಗೆ ಬರೆದಳು: 'ಶನಿವಾರ ಎಲ್ಲರೆದುರೂ ಅಳೀತೀನಿ. ನೀನು ಬರಲೇಬೇಕು ಅಂತಿಲ್ಲ... ಬಾ.'

ಉತ್ತರ ಬರಲಿಲ್ಲ.

ಶನಿವಾರ. ಮೇಜಿನ ಮೇಲೆ ಎರಡು ಕೆಂಪು ಚಿಪ್ಪು: ಕಂಪನಿ ಕಳಿಸಿದ್ದು, ಅವಳೇ ಅಂಗಡಿಯಲ್ಲಿ ಕೊಂಡದ್ದು. ಸುತ್ತ ಕೆಂಪಂಗಿಗಳ ಸಂತೆ. ಲೈವ್ ಶುರುವಾಗಿತ್ತು. ಹಿಂದಿನ ಸಾಲಿನಲ್ಲಿ ಇವಾಂಡ್ರೊನ ಹಳೆಯ ಟೋಪಿ ಕಂಡಿತು... ಬಂದಿದ್ದಾನೆ! ಅವಳ ಕಣ್ಣು ಮೇಜು ಬಿಟ್ಟು ಆ ಟೋಪಿಯತ್ತಲೇ ಹೋಗುತ್ತಿತ್ತು.

ಕಂಪನಿಯ ಚಿಪ್ಪು ತಣ್ಣಗೆ ಓಡಿತು. ಕೆಂಪಂಗಿಗಳು ಕುಣಿದರು. ಅಂಗಡಿಯದಕ್ಕೆ ಅಂಥದೇ ಹೊಸ ಕೂಲರ್ ಬಿಚ್ಚಿ ಕೂರಿಸಿದಳು. ಕಾವು ಜಿಗಿಯಿತು, ಇವಾಂಡ್ರೊ ಹೇಳಿದ್ದಕ್ಕಿಂತಲೂ ಮೇಲೆ! ಕೆಂಪಂಗಿಗಳ ಕುಣಿತ ನಿಂತಿತು.

ಅವನು ಸುಮ್ಮನಿದ್ದರೆ ಸಾಕಿತ್ತು. ಆ ಕ್ಷಣದಲ್ಲೇ ಗೆದ್ದಿದ್ದ.

"ಪ್ಲಾಸ್ಟಿಕ್ ತೆಗೆದ್ಯಾ, ಜಂದಿರಾ?" ಹಿಂದಿನ ಸಾಲಿನಿಂದ ಅವನೇ ಕೇಳಿದ.

ಎಲ್ಲರೂ ಗೊಳ್ಳೆಂದರು, ಸೇಡು ತೀರಿಸಿಕೊಂಡ ಅಂತ. ಆದರೆ ಆ ದನಿಯಲ್ಲಿ ಕುಹಕವಿರಲಿಲ್ಲ. ಅವಳು ಕೂಲರ್ ಬಿಚ್ಚಿದಳು. ಹಾಳೆ ಹಾಗೇ ಅಂಟಿಕೊಂಡಿತ್ತು!

"ಯಾಕೆ ಹೇಳ್ದೆ?" ಅವಳು ಕೂಲರನ್ನು ಅವನತ್ತ ಎತ್ತಿ ಹಿಡಿದಳು. "ಸುಮ್ನಿದ್ದಿದ್ರೆ..."

"ಅದು ಸುಳ್ಳು ಲೆಕ್ಕ ಕಣೇ. ನನ್ನ ಕಡೆ ಇದ್ರೂ ಸುಳ್ಳೇ."

ಹಾಳೆ ಕಿತ್ತು, ಮತ್ತೆ ಕೂರಿಸಿದಳು. ಕಾವು ಈಗ ಮೊದಲಿನಷ್ಟು ಏರಲಿಲ್ಲ. ಆದರೂ ಏರಿತು... ಏರಿ, ಇವಾಂಡ್ರೊ ಅಂದು ಹೇಳಿದ್ದಲ್ಲೇ ನಿಂತಿತು.

ಜಂದಿರಾ ಕ್ಯಾಮೆರಾದತ್ತ ತಿರುಗಿದಳು. "ಕಂಪನಿಯವರು ನನಗೆ ಒಳ್ಳೇದನ್ನೇ ಆರಿಸಿ ಕಳಿಸಿದ್ರೋ, ನನ್ನ ಅದೃಷ್ಟವೋ, ಗೊತ್ತಿಲ್ಲ. ಅಂಗಡೀಲಿ ನಾನು ಕೊಂಡಿದ್ದಂತೂ ಕಾಯ್ತಿದೆ. ಇವಾಂಡ್ರೊ ಹೇಳಿದ್ದು ಸರಿ. ಅವನು ಯಾರಿಗೂ ಮಾರಿಕೊಂಡಿರ್ಲಿಲ್ಲ. ಒಂದು ಬಣ್ಣಕ್ಕೆ ಮಾರಿಹೋಗಿದ್ದವಳು ನಾನು."

"ದ್ರೋಹಿ!" ಎಂದಿತು ಒಂದು ಕೆಂಪಂಗಿ. ನೋಡುಗರ ಸಂಖ್ಯೆ ಇಳಿಯುತ್ತಲೇ ಇತ್ತು. ಅವಳು ಆ ಕಡೆ ನೋಡಲಿಲ್ಲ.

ಲೈವ್ ಮುಗಿಸಿ ಇಬ್ಬರೂ ಕಾಫಿ ಅಂಗಡಿಯಲ್ಲಿ ಕೂತಾಗ ದೋನಾ ಜುಲ್ಮಿರಾ ಕೇಳದೆಯೇ ಎರಡು ಕಾಫಿ ಇಟ್ಟು, "ಇವತ್ತು ಒಂದಾದ್ರೂ ಆರೋಕೆ ಬಿಟ್ರೆ ನೋಡಿ ಮತ್ತೆ!" ಎಂದು ಒಳಗೆ ಹೋದಳು.

"ಅಪ್ಪನ ರೂಬ್ರಾ ಚೆನ್ನಾಗೇ ಇತ್ತು, ಜಂದಿರಾ," ಎಂದ ಇವಾಂಡ್ರೊ ಮೆಲ್ಲಗೆ. "ಅದನ್ನ ಪ್ರೀತಿಸೋಕೆ ಈ ಹೊಸದು ತಣ್ಣಗಿರಬೇಕಿಲ್ಲ."

ಅವಳ ಕಣ್ಣು ತುಂಬಿ ಬಂತು.

"ಮತ್ತೆ... ನನ್ನ ಬಗ್ಗೆ ಏನು ನಿನ್ನ ವಿಮರ್ಶೆ?"

"ಅದನ್ನ ನಾನು ಮಾಡಬಾರದು."

"ಯಾಕೋ?"

ಅವನು ಅವಳ ಕೈ ಹಿಡಿದ. ಆ ದಿನದಂತೆಯೇ.

"ಯಾವತ್ತೋ ಪಕ್ಷಪಾತಿ ಆಗ್ಬಿಟ್ಟಿದ್ದೀನಿ ಕಣೇ."